ಒಂದೇ ಬೀಮ್, ನಾಲ್ಕು ದಾರಿ: ಡಿಫ್ಲೆಕ್ಷನ್ ಲೆಕ್ಕಕ್ಕೆ ಯಾವುದು ಸಲೀಸು?

ಡಿಪ್ಲೊಮಾ ಮುಗಿಸಿ ನೇರವಾಗಿ ಸಿವಿಲ್ ಮೂರನೇ ಸೆಮಿಸ್ಟರ್‌ಗೆ ಬಂದವನು ನಾನು. ಡಿಪ್ಲೊಮಾದಲ್ಲಿ ನಾನು ಡಿಫ್ಲೆಕ್ಷನ್ (ಲೋಡಿಗೆ ಬೀಮ್ ಬಾಗಿ ಇಳಿಯುವುದು) ಕಲಿತದ್ದು ಅಂದರೆ ಸೂತ್ರ ಬಾಯಿಪಾಠ ಮಾಡಿದ್ದು, ಬೆಲೆ ಹಾಕಿ ಉತ್ತರಕ್ಕೆ ಡಬ್ಬಿ ಕಟ್ಟಿದ್ದು. ಇಲ್ಲಿ ಮೊದಲ ತಿಂಗಳಲ್ಲೇ ಮೇಷ್ಟ್ರು ಒಂದು ಲೆಕ್ಕ ಕೊಟ್ಟು, "ನಿಮಗೆ ಗೊತ್ತಿರೋ ಎಲ್ಲಾ ಮೆಥಡ್‌ನಲ್ಲೂ ಮಾಡ್ಕೊಂಡು ಬನ್ನಿ" ಅಂದರು.

ಲೆಕ್ಕ ಇಷ್ಟೇ. 6 ಮೀಟರ್ ಉದ್ದದ ಬೀಮ್, ಎರಡು ತುದಿಯಲ್ಲೂ ಸಿಂಪಲ್ ಸಪೋರ್ಟ್ (ಕೆಳಗಿನಿಂದ ಆಧಾರ, ತುದಿ ತಿರುಗಲು ಅಡ್ಡಿಯಿಲ್ಲ). ಎಡ ತುದಿಯಿಂದ 4 ಮೀಟರ್ ದೂರದಲ್ಲಿ 30 ಕಿಲೋನ್ಯೂಟನ್ ಲೋಡ್. ಇಐ (ಬಾಗುವುದಕ್ಕೆ ಬೀಮ್ ಒಡ್ಡುವ ತಡೆ) ಬೆಲೆ 16,000 ಕಿಲೋನ್ಯೂಟನ್-ಚದರ ಮೀಟರ್. ಬೀಮ್ ಅತಿ ಹೆಚ್ಚು ಬಾಗುವುದು ಎಲ್ಲಿ, ಎಷ್ಟು?

ರೂಮ್‌ಮೇಟ್ ಲೆಕ್ಕ ನೋಡಿದವನೇ ತೀರ್ಪು ಕೊಟ್ಟ: "ಲೋಡ್ ಎಲ್ಲಿದ್ಯೋ ಅಲ್ಲೇ ಕಣೋ ಮಗಾ, ಇನ್ನೆಲ್ಲಿ ಬಾಗುತ್ತೆ?" ನಾನೂ ತಲೆಯಾಡಿಸಿದೆ. ಇಬ್ಬರದೂ ತಪ್ಪು. ಲೋಡ್ ಕೆಳಗೆ ಇಳಿತ 6.67 ಮಿ.ಮೀ. ಅತಿ ಹೆಚ್ಚಿನ ಇಳಿತ 7.26 ಮಿ.ಮೀ., ಅದೂ ಎಡದಿಂದ 3.27 ಮೀಟರ್‌ನಲ್ಲಿ, ಅಂದರೆ ಹೆಚ್ಚುಕಡಿಮೆ ನಟ್ಟನಡುವೆ. ಈ ಉತ್ತರಕ್ಕೆ ಬರಲು ನಾಲ್ಕು ದಾರಿ ಹಿಡಿದೆ, ಪ್ರತಿ ಸಲವೂ ಫೋನಿನಲ್ಲಿ ಟೈಮರ್ ಹಾಕಿಕೊಂಡು.

ಮೊದಲನೆಯದು ಡಬಲ್ ಇಂಟಿಗ್ರೇಷನ್. 45 ನಿಮಿಷ, ಮೂರು ಹಾಳೆ. ಬೀಮನ್ನು ಲೋಡ್ ಇರುವಲ್ಲಿ ಎರಡು ತುಂಡು ಮಾಡಿ, ಒಂದೊಂದಕ್ಕೂ ಬೇರೆ ಮೊಮೆಂಟ್ (ಬೀಮನ್ನು ಬಾಗಿಸುವ ಪರಿಣಾಮ, ಬಲ ಗುಣಿಸು ದೂರ) ಸಮೀಕರಣ ಬರೆದು, ಎರಡೆರಡು ಸಲ ಇಂಟಿಗ್ರೇಟ್ ಮಾಡಬೇಕು. ಹಾಗಾಗಿ ನಾಲ್ಕು ಕಾನ್‌ಸ್ಟೆಂಟ್. ಎರಡು ತುದಿಯಲ್ಲಿ ಇಳಿತ ಸೊನ್ನೆ. ಲೋಡ್ ಇರುವಲ್ಲಿ ಎರಡೂ ತುಂಡಿನ ಸ್ಲೋಪ್ (ಓರೆ) ಒಂದೇ, ಇಳಿತವೂ ಒಂದೇ. ನಾಲ್ಕು ಷರತ್ತು, ನಾಲ್ಕು ಅಜ್ಞಾತ. ತತ್ವದಲ್ಲಿ ಕಷ್ಟ ಏನಿಲ್ಲ, ಆದರೆ ಕೈ ಜಾರುವುದಕ್ಕೆ ಹತ್ತು ಜಾಗ ಇವೆ. ನಾನು ಒಂದು ಮೈನಸ್ ನುಂಗಿದ್ದೆ, ಬೀಮ್ ಮೇಲಕ್ಕೆ ಬಾಗಿತ್ತು. ಲೋಡ್ ಎರಡಾದರೆ ಆರು ಕಾನ್‌ಸ್ಟೆಂಟ್, ಮೂರಾದರೆ ಎಂಟು. ಪರೀಕ್ಷೆಯಲ್ಲಿ ಇದನ್ನು ಹಿಡಿದವನಿಗೆ ಉಳಿದ ಪ್ರಶ್ನೆ ಓದಲೂ ಸಮಯ ಇರುವುದಿಲ್ಲ.

ಎರಡನೆಯದು ಮೆಕಾಲೆ ವಿಧಾನ. 15 ನಿಮಿಷ. 1919ರಲ್ಲಿ ಡಬ್ಲ್ಯೂ. ಎಚ್. ಮೆಕಾಲೆ ಎಂಬ ಇಂಗ್ಲಿಷ್ ಗಣಿತಜ್ಞ ಇದನ್ನು ಪ್ರಕಟಿಸಿದರು. ಇದೇ ಜಾಡಿನ ಕೆಲಸವನ್ನು ಜರ್ಮನಿಯ ಕ್ಲೆಬ್ಷ್ 1862ರಲ್ಲೇ ಮಾಡಿದ್ದರು. ಇಡೀ ಬೀಮಿಗೆ ಒಂದೇ ಸಮೀಕರಣ: ಎಡ ರಿಯಾಕ್ಷನ್ (ಎಡ ಸಪೋರ್ಟ್ ಮೇಲಕ್ಕೆ ಕೊಡುವ ಬಲ) 10 ಕಿಲೋನ್ಯೂಟನ್‌ನ ಪದ ಒಂದು, 30 ಕಿಲೋನ್ಯೂಟನ್ ಲೋಡಿನ ಪದ ಬ್ರ್ಯಾಕೆಟ್‌ನಲ್ಲಿ ಇನ್ನೊಂದು. ಬ್ರ್ಯಾಕೆಟ್ ಒಳಗೆ ಮೈನಸ್ ಬಂದರೆ ಆ ಪದವೇ ಇಲ್ಲ ಅಂದುಕೊಳ್ಳಬೇಕು. ಎರಡೇ ಕಾನ್‌ಸ್ಟೆಂಟ್. ಅದರಲ್ಲೂ ಎಡ ತುದಿಯಲ್ಲಿ ಇಳಿತ ಸೊನ್ನೆಯಾದ್ದರಿಂದ ಒಂದು ತಾನಾಗೇ ಸೊನ್ನೆ, ಇನ್ನೊಂದು ಮೈನಸ್ 53.33.

"ಬ್ರ್ಯಾಕೆಟ್ ಬಿಡಿಸಬೇಡಿ, ಹಾಗೇ ಇಂಟಿಗ್ರೇಟ್ ಮಾಡಿ" ಅಂತ ಕ್ಲಾಸಿನಲ್ಲಿ ಹತ್ತು ಸಲ ಹೇಳುತ್ತಾರೆ. ಯಾಕೆ ಬಿಡಿಸಬಾರದು ಅಂತ ನನಗೆ ತಿಳಿದದ್ದು ಮೊದಲ ವಿಧಾನದ ಆ ಮೂರು ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡಾಗ. ಅಲ್ಲಿ ನಾನು ಬಲ ತುಂಡಿನ ಬ್ರ್ಯಾಕೆಟ್ ಬಿಡಿಸಿಯೇ ಇಂಟಿಗ್ರೇಟ್ ಮಾಡಿದ್ದೆ, ಆ ತುಂಡಿನ ಕಾನ್‌ಸ್ಟೆಂಟ್‌ಗಳು ಮೈನಸ್ 293.33 ಮತ್ತು 320 ಬಂದಿದ್ದವು. ಬಿಡಿಸದೆ ಮಾಡಿದರೆ ಬಲ ತುಂಡಿಗೂ ಎಡ ತುಂಡಿನದೇ ಮೈನಸ್ 53.33 ಮತ್ತು ಸೊನ್ನೆ! ಲೋಡ್ ಇರುವ ಬಿಂದುವಿನಲ್ಲಿ ಬ್ರ್ಯಾಕೆಟ್‌ನ ವರ್ಗವೂ ಸೊನ್ನೆ, ಘನವೂ ಸೊನ್ನೆ. ಹಾಗಾಗಿ ಎರಡು ತುಂಡು ತಮ್ಮಷ್ಟಕ್ಕೆ ತಾವೇ ಕೂಡಿಕೊಳ್ಳುತ್ತವೆ. ನಾನು ಅರ್ಧ ಗಂಟೆ ಹೆಣಗಿ ಹೊಂದಿಸಿದ ಎರಡು ಷರತ್ತು ಇಲ್ಲಿ ಪುಕ್ಕಟೆ. ಮೇಷ್ಟ್ರು ಮೊದಲೇ ಇದನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದು ತೋರಿಸಿದ್ದರೆ ಆ 45 ನಿಮಿಷ ಅಷ್ಟು ನೋಯುತ್ತಿರಲಿಲ್ಲ.

ಮೆಕಾಲೆಯಲ್ಲೂ ಒಂದು ತೊಡಕಿದೆ. ಯುಡಿಎಲ್ (ಉದ್ದಕ್ಕೂ ಒಂದೇ ಸಮ ಹರಡಿದ ಲೋಡ್) ಬೀಮಿನ ನಡುವೆಯೇ ನಿಂತುಹೋದರೆ ಅದನ್ನು ಬಲ ತುದಿಯವರೆಗೂ ಎಳೆದು, ಹೆಚ್ಚಾದ ಭಾಗಕ್ಕೆ ಕೆಳಗಿನಿಂದ ಅಷ್ಟೇ ಲೋಡ್ ಮೇಲ್ಮುಖವಾಗಿ ಕೊಡಬೇಕು. ಮರೆತರೆ ಉತ್ತರ ಬರುತ್ತದೆ, ಆದರೆ ಅದು ಬೇರೆ ಯಾವುದೋ ಬೀಮಿನ ಉತ್ತರ.

ಮೂರನೆಯದು ಮೊಮೆಂಟ್ ಏರಿಯಾ. ಜರ್ಮನಿಯ ಎಂಜಿನಿಯರ್ ಮೋರ್ ಅವರ ಹೆಸರಿಗೂ ಸೇರುವ ಈ ವಿಧಾನವನ್ನು ಅಮೆರಿಕದ ಚಾರ್ಲ್ಸ್ ಗ್ರೀನ್ 1873ರಲ್ಲಿ ಮಂಡಿಸಿದರು. ಮೊದಲ ಸಲ 25 ನಿಮಿಷ ಹಿಡಿಯಿತು, ಎರಡನೇ ಸಲ 9. ಇಲ್ಲಿ ಇಂಟಿಗ್ರೇಷನ್ ಚಿಹ್ನೆಯೇ ಇಲ್ಲ, ತ್ರಿಕೋನದ ವಿಸ್ತೀರ್ಣ ಗೊತ್ತಿದ್ದರೆ ಸಾಕು. ಬೆಂಡಿಂಗ್ ಮೊಮೆಂಟ್ ಚಿತ್ರ ಬರೆದರೆ ಲೋಡ್ ಇರುವಲ್ಲಿ 40 ಕಿಲೋನ್ಯೂಟನ್-ಮೀಟರ್ ಎತ್ತರದ ಗುಡ್ಡ: ಎಡಕ್ಕೆ 80 ವಿಸ್ತೀರ್ಣದ ತ್ರಿಕೋನ, ಬಲಕ್ಕೆ 40ರದು. ಬಲ ತುದಿಯಿಂದ ಇವುಗಳ ಸೆಂಟ್ರಾಯ್ಡ್ (ಆಕೃತಿಯ ಕೇಂದ್ರಬಿಂದು) 3.33 ಮತ್ತು 1.33 ಮೀಟರ್ ದೂರ. ಗುಣಿಸಿ ಕೂಡಿದರೆ 320. 6 ಮೀಟರ್‌ನಿಂದ ಭಾಗಿಸಿದರೆ 53.33. ಮೆಕಾಲೆಯಲ್ಲಿ ಕಾನ್‌ಸ್ಟೆಂಟ್ ಆಗಿ ಬಂದಿದ್ದ ಅದೇ ಸಂಖ್ಯೆ! ಅಲ್ಲಿ ಅದು ಬರೀ ಒಂದು ಅಕ್ಷರ. ಇಲ್ಲಿ ಗೊತ್ತಾಯಿತು, ಅದು ಎಡ ತುದಿಯಲ್ಲಿ ಬೀಮ್ ತಿರುಗಿದ ಕೋನ (ಇಐಯಿಂದ ಭಾಗಿಸಬೇಕು, ಅಷ್ಟೇ).

ಇನ್ನು ಎಡದಿಂದ ಎಷ್ಟು ದೂರ ಹೋದರೆ ವಿಸ್ತೀರ್ಣ 53.33 ಆಗುತ್ತದೋ ಅಲ್ಲಿ ಸ್ಲೋಪ್ ಸೊನ್ನೆ. ದೂರದ ವರ್ಗದ ಐದರಷ್ಟು 53.33, ಆದ್ದರಿಂದ ದೂರ 3.27 ಮೀಟರ್. ಆ 53.33ನ್ನು ಸೆಂಟ್ರಾಯ್ಡ್ ದೂರ 2.18ರಿಂದ ಗುಣಿಸಿದರೆ 116.1, ಇಐಯಿಂದ ಭಾಗಿಸಿದರೆ 7.26 ಮಿ.ಮೀ. ಚಿತ್ರ ನೋಡುತ್ತಲೇ ರೂಮ್‌ಮೇಟ್ ತನ್ನ ತೀರ್ಪು ವಾಪಸ್ ತೆಗೆದುಕೊಂಡ. ಆಮೇಲೆ ಇಬ್ಬರೂ ಲೋಡನ್ನು ಇನ್ನಷ್ಟು ಬಲಕ್ಕೆ ತಳ್ಳಿ ನೋಡಿದೆವು. ಎಷ್ಟೇ ತಳ್ಳಿದರೂ ಅತಿ ಹೆಚ್ಚು ಇಳಿತದ ಜಾಗ ಎಡದಿಂದ 3.46 ಮೀಟರ್ ದಾಟುವುದಿಲ್ಲ, ನಡುವಿನಿಂದ 46 ಸೆಂ.ಮೀ. ಒಳಗೇ. ನಮ್ಮ ಬೀಮಿನ ನಟ್ಟನಡುವಿನ ಇಳಿತ 7.19 ಮಿ.ಮೀ., ನಿಜವಾದ ಗರಿಷ್ಠಕ್ಕೂ ಇದಕ್ಕೂ 0.07 ಮಿ.ಮೀ. ಅಂತರ. ಇಂಥ ಬೀಮಿಗೆ ನಡುವಿನ ಇಳಿತವೊಂದನ್ನೇ ನೋಡಿದರೂ ನಡೆಯುತ್ತದೆ ಅಂತ ಅವತ್ತು ಗೊತ್ತಾಯಿತು.

ನಾಲ್ಕನೆಯದು ಇಟಲಿಯ ಕ್ಯಾಸ್ಟಿಗ್ಲಿಯಾನೊ ವಿಧಾನ: ಬಾಗಿದ ಬೀಮಿನಲ್ಲಿ ಶೇಖರವಾದ ಶಕ್ತಿಯಿಂದ ಲೋಡ್ ಇರುವ ಜಾಗದ ಇಳಿತ ಲೆಕ್ಕ ಹಾಕುವುದು. ಇದೂ 1873ರದೇ, ಟ್ಯೂರಿನ್‌ನಲ್ಲಿ ಆತ ಬರೆದ ಪ್ರಬಂಧದ್ದು. ಲೋಡ್ ಕೆಳಗಿನ 6.67 ಮಿ.ಮೀ. ನನಗೆ 7 ನಿಮಿಷದಲ್ಲಿ ಸಿಕ್ಕಿತು. ಆದರೆ ಗರಿಷ್ಠ ಎಲ್ಲಿ ಅಂತ ಕೇಳಿದರೆ ಗೊತ್ತಿಲ್ಲದ ಜಾಗದಲ್ಲಿ ಸುಳ್ಳು ಲೋಡ್ ಇಟ್ಟು ಒದ್ದಾಡಬೇಕು. ಅರ್ಧಕ್ಕೇ ಬಿಟ್ಟೆ. ಈ ಪ್ರಶ್ನೆಗೆ ಅದು ತಕ್ಕ ಆಯುಧವಲ್ಲ.

ಈಗ ಸಿಂಪಲ್ ಸಪೋರ್ಟ್ ಬೀಮಿನ ಮೇಲೆ ಎರಡು-ಮೂರು ಲೋಡ್ ಇದ್ದರೆ ನಾನು ಕಣ್ಣುಮುಚ್ಚಿ ಮೆಕಾಲೆ ಹಿಡಿಯುತ್ತೇನೆ. ಹೆಜ್ಜೆಗಳು ಒಂದರ ಕೆಳಗೊಂದು ಇರುವುದರಿಂದ ಕೊನೆಯ ಉತ್ತರ ತಪ್ಪಿದರೂ ಹೆಜ್ಜೆಗೆ ಮಾರ್ಕ್ಸ್ ಉಳಿಯುತ್ತದೆ. ಮೊಮೆಂಟ್ ಏರಿಯಾದಲ್ಲಿ ಚಿತ್ರವೇ ತಪ್ಪಾದರೆ ಏನೂ ಉಳಿಯುವುದಿಲ್ಲ. ಕ್ಯಾಂಟಿಲಿವರ್ (ಒಂದೇ ತುದಿಯಲ್ಲಿ ಆಧಾರವಿರುವ ಬೀಮ್) ಬಂದರೆ ಮಾತ್ರ ನನ್ನ ಮಟ್ಟಿಗೆ ಎರಡನೇ ಮಾತಿಲ್ಲ, ಮೊಮೆಂಟ್ ಏರಿಯಾವೇ: ಗೋಡೆಯಲ್ಲಿ ಹೂತ ತುದಿಯಲ್ಲಿ ಸ್ಲೋಪ್ ಸೊನ್ನೆ, ಹಾಗಾಗಿ ಒಂದು ತ್ರಿಕೋನ, ಒಂದು ಗುಣಾಕಾರ, ಮುಗಿಯಿತು. ನಡುವೆ ದಪ್ಪ ಬದಲಾಗುವ ಬೀಮಿಗೂ ಅದೇ ಸಲೀಸು. ದಪ್ಪ ಇರುವಲ್ಲಿ ಗುಡ್ಡದ ಎತ್ತರ ಇಳಿಸಿದರಾಯಿತು.

ನಾಲ್ಕೂ ವಿಧಾನದ ಹಾಳೆಗಳನ್ನು ಪಿನ್ ಹೊಡೆದು ಕೊಟ್ಟೆ. ಮೇಷ್ಟ್ರು ಮೆಕಾಲೆ ಹಾಳೆಯ ಮೇಲೆ ಮಾತ್ರ ಸರಿ ಗುರುತು ಹಾಕಿ, ಮೊಮೆಂಟ್ ಏರಿಯಾ ಹಾಳೆಯ ಅಂಚಿನಲ್ಲಿ "ಸ್ಕೇಲ್ ಇಟ್ಟು ಗೆರೆ ಎಳಿ" ಅಂತ ಬರೆದು ವಾಪಸ್ ಕೊಟ್ಟರು.