ಅಂಡಮಾನಿನ 'ಯಾರೂ ಇಲ್ಲದ ಬೀಚ್'ಗೆ ಹೋಗುವ ಮುಂಚೆ ಇಳಿತ ಎಷ್ಟು ಗಂಟೆಗೆ ಅಂತ ಕೇಳಿ

ಡಿಸೆಂಬರ್ ರಜೆಗೆ ಅಂಡಮಾನ್ ಹೊರಟವರು ಇದನ್ನು ಓದಿ. ಅದರಲ್ಲೂ ಹ್ಯಾವ್‌ಲಾಕ್, ಅಂದರೆ ಈಗಿನ ಸ್ವರಾಜ್ ದ್ವೀಪದ ಗದ್ದಲ ಬೇಡ, ಜನವೇ ಇಲ್ಲದ ಹಳ್ಳಿ ಬೀಚ್ ಬೇಕು ಅನ್ನುವವರು.

ನಾವು ಹೋಗಿದ್ದು ಉತ್ತರ ಮತ್ತು ಮಧ್ಯ ಅಂಡಮಾನ್ ಜಿಲ್ಲೆಯ ಒಂದು ಪುಟ್ಟ ದ್ವೀಪಕ್ಕೆ. ಹೆಸರು ಹಾಕುತ್ತಿಲ್ಲ. ಊರು ಎಷ್ಟು ಚಿಕ್ಕದೆಂದರೆ, ಯಾರ ಬಗ್ಗೆ ಬರೆದಿದ್ದೇನೆ ಅಂತ ತಕ್ಷಣ ಗೊತ್ತಾಗಿಬಿಡುತ್ತದೆ. ಜೆಟ್ಟಿಯಿಂದ ಮೋಟಾರು ದೋಣಿಯಲ್ಲಿ ಬೀಚ್‌ಗೆ ಬಿಡುವುದು, ಸಂಜೆ ವಾಪಸ್ ಕರೆತರುವುದು ಅಂತ ಮಾತಾಗಿತ್ತು. ಪೂರ್ತಿ ದುಡ್ಡು ಮುಂಗಡ. "ನಾಲ್ಕೂವರೆಗೆ ದೋಣಿ ಬರುತ್ತೆ, ಆರಾಮಾಗಿರಿ" ಅಂದಿದ್ದ ಏಜೆಂಟ್.

ಅವತ್ತು ಹುಣ್ಣಿಮೆ. ಬೆಳಿಗ್ಗೆ ಹತ್ತರ ಹೊತ್ತಿಗೆ ತುಂಬು ಉಬ್ಬರ, ದೋಣಿ ಸೀದಾ ಮರಳಿಗೇ ಬಂದು ನಿಂತಿತು. ಬೀಚ್ ಚೆನ್ನಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ. ಮಧ್ಯಾಹ್ನದ ಮೇಲೆ ನೀರು ಸರಿಯುತ್ತಾ ಹೋಯಿತು. ನಾಲ್ಕಕ್ಕೆಲ್ಲ ನಾವು ಈಜಿದ್ದ ಜಾಗದಲ್ಲಿ ಬರೀ ಹವಳದ ದಿಬ್ಬ. ದೋಣಿ ಬಂತು, ಆದರೆ ದಿಬ್ಬದ ಆಚೆಗೇ ನಿಂತಿತು. ದೋಣಿಯವನು ಕೈ ಬೀಸಿ ಏನೋ ಕೂಗಿದ, ಹೊರಟುಹೋದ.

ದಿಬ್ಬದ ಮೇಲೆ ನಡೆದು ಹೋಗಬಹುದಿತ್ತಲ್ವಾ ಅಂತ ಆಮೇಲೆ ಕೆಲವರು ಕೇಳಿದರು. ಹವಳ ಬ್ಲೇಡಿನ ಹಾಗೆ ಕೊಯ್ಯುತ್ತದೆ, ಆ ಗಾಯ ಬೇಗ ಕೀವಾಗುತ್ತದೆ. ಹವಳವೂ ಸಾಯುತ್ತದೆ. ಇನ್ನು ದಡದಗುಂಟ ಊರಿಗೆ ಹೋಗಬೇಕೆಂದರೆ ನಡುವೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಹಳ್ಳ ದಾಟಬೇಕು. ಅಲ್ಲಿ ಮೊಸಳೆ ಇದೆ ಅಂತ ಬೋರ್ಡ್. ಉಪ್ಪುನೀರಿನ ಮೊಸಳೆ ಸುಮ್ನೆ ಹೆದರಿಸುವ ಮಾತಲ್ಲ. 2010ರಲ್ಲಿ ಹ್ಯಾವ್‌ಲಾಕ್‌ನಲ್ಲೇ, ರಾಧಾನಗರ ಬೀಚ್ ಹತ್ತಿರ, ಅಮೆರಿಕದ ಪ್ರವಾಸಿಯೊಬ್ಬರನ್ನು ಮೊಸಳೆ ಕೊಂದಿತ್ತು.

ಐದರ ಹೊತ್ತಿಗೆ ಸೂರ್ಯ ಮುಳುಗಿದ. ಅಂಡಮಾನ್ ಬೆಂಗಳೂರಿಗಿಂತ ಸುಮಾರು 15 ಡಿಗ್ರಿ ಪೂರ್ವಕ್ಕಿದೆ, ಗಡಿಯಾರ ಮಾತ್ರ ಎರಡೂ ಕಡೆ ಒಂದೇ. ಹಾಗಾಗಿ ಕತ್ತಲು ಒಂದು ಗಂಟೆ ಮುಂಚೆಯೇ ಬರುತ್ತದೆ. ಕೋಸ್ಟ್ ಗಾರ್ಡ್ ನಂಬರ್ 1554 ಗೊತ್ತಿತ್ತು, ಆದರೆ ನೆಟ್‌ವರ್ಕ್ ಬೇಕಲ್ಲ! ಆಮೇಲೆ ಸ್ಯಾಂಡ್‌ಫ್ಲೈ ಕಾಟ. ಕಣ್ಣಿಗೆ ಸರಿಯಾಗಿ ಕಾಣಿಸದಷ್ಟು ಸಣ್ಣ ಹುಳ. ಕಚ್ಚಿದಾಗ ಅಷ್ಟಾಗಿ ಗೊತ್ತಾಗುವುದಿಲ್ಲ, ಮಾರನೇ ದಿನ ತುರಿಕೆ ಜಾಸ್ತಿಯಾಗುತ್ತದೆ. ನನ್ನ ತಂಗಿಯ ಕಾಲು ನೋಡುವ ಹಾಗಿರಲಿಲ್ಲ.

ನೀರು ಮತ್ತೆ ಏರಿ, ದೋಣಿ ಬಂದಾಗ ರಾತ್ರಿ ಎಂಟು ದಾಟಿತ್ತು. ನಾಲ್ಕೂವರೆಗೆ ದೋಣಿ ದಡಕ್ಕೆ ಬರೋಕಾಗಲ್ಲ ಅಂತ ದೋಣಿಯವನು ಪಾಪ, ಬೆಳಿಗ್ಗೆಯೇ ಏಜೆಂಟ್‌ಗೆ ಹೇಳಿದ್ದನಂತೆ. ಏಜೆಂಟ್ ನಮಗೆ ಕೊಟ್ಟ ಉತ್ತರ, "ಸಮುದ್ರ ಅಲ್ವಾ ಸಾರ್, ನಮ್ಮ ಕೈಯಲ್ಲೇನಿದೆ?"

ನನಗೆ ಸಿಟ್ಟು ಬಂದಿದ್ದು ಈ ಮಾತಿಗೆ. ಮಳೆಗಾಳಿಯಾಗಿದ್ದರೆ ಒಪ್ಪುತ್ತಿದ್ದೆ. ಉಬ್ಬರ ಇಳಿತದ ಹೊತ್ತು ಮೊದಲೇ ಲೆಕ್ಕ ಹಾಕಿಟ್ಟಿರುತ್ತಾರೆ, ಇಡೀ ವರ್ಷದ ಪಟ್ಟಿ ಸಿಗುತ್ತದೆ. ಸಮುದ್ರದ ಮಾಹಿತಿ ಕೊಡುವ ಸರ್ಕಾರಿ ಸಂಸ್ಥೆ, ಹೈದರಾಬಾದಿನ ಇನ್‌ಕಾಯ್ಸ್ (INCOIS) ವೆಬ್‌ಸೈಟಿನಲ್ಲೂ ನೋಡಬಹುದು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಅಲ್ಲಿ ನೀರು ತೀರಾ ಇಳಿಯುವುದು ಸಂಜೆ ನಾಲ್ಕರ ಹೊತ್ತಿಗೇ. ಆಮೇಲೆ ದಿನದಿನಕ್ಕೆ ಮುಕ್ಕಾಲು ಗಂಟೆಯಷ್ಟು ತಡವಾಗುತ್ತಾ ಹೋಗುತ್ತದೆ. ಏಜೆಂಟ್ ಹುಟ್ಟಿ ಬೆಳೆದಿದ್ದು ಅದೇ ಊರಲ್ಲಿ.

ಹೋಗಲೇಬೇಕು ಅನ್ನುವವರು ಏಜೆಂಟನ್ನು ಬಿಟ್ಟು ದೋಣಿ ಓಡಿಸುವವನ ಹತ್ತಿರವೇ ಮಾತಾಡಿ. ಇಳಿತ ಯಾವಾಗ, ಆಗ ದೋಣಿ ಎಲ್ಲಿಯವರೆಗೆ ಬರುತ್ತದೆ ಅಂತ ಕೇಳಿ. ಅರ್ಧ ದುಡ್ಡನ್ನು ನೀವು ಜೆಟ್ಟಿಗೆ ವಾಪಸ್ ಬಂದ ಮೇಲೆಯೇ ಕೊಡಿ. ಟಾರ್ಚ್, ಜಾಸ್ತಿ ನೀರು, ಉದ್ದ ಪ್ಯಾಂಟ್ ಇಟ್ಟುಕೊಳ್ಳಿ. ನಮ್ಮ ಏಜೆಂಟ್‌ನ ಬೋರ್ಡಿನಲ್ಲಿ ದಿನವೂ ವಾಪಸ್ ಹೊತ್ತು ನಾಲ್ಕೂವರೆ ಅಂತಲೇ ಬರೆದಿದೆ. ಹಾಗೆ ಎಲ್ಲ ದಿನಕ್ಕೂ ಒಂದೇ ಹೊತ್ತು ಹೇಳುವವರ ಹತ್ತಿರ ಬುಕ್ ಮಾಡಬೇಡಿ.