ಶ್ರೆಡ್ ಹೇಗಿದೆ? ಚಿಕ್ಕಪ್ಪನ ಹಳೇ ಡಿಸ್ಕ್, ಜೊತೆಗೆ ನಾನೇ ಬರೆದ ಒಂದು ಸಿ ಪ್ರೋಗ್ರಾಂ

ಹಾಸನದಲ್ಲಿ ನಮ್ಮ ಚಿಕ್ಕಪ್ಪ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಾಲ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ತುಂಬಿಕೊಡುವ ಆಫೀಸು ನಡೆಸಿದರು. ಹೋದ ಬೇಸಿಗೆಯಲ್ಲಿ ಅದನ್ನು ಮುಚ್ಚಿದರು. ಕೊನೆಗೆ ಉಳಿದಿದ್ದು 500 ಜಿಬಿ ಹಾರ್ಡ್ ಡಿಸ್ಕ್ ಇರುವ ಒಂದು ಕಂಪ್ಯೂಟರ್. ಅದನ್ನು ಮಾರಿಕೊಡು ಅಂತ ನನಗೆ ಹೇಳಿದರು.

"ಎಲ್ಲಾ ಡಿಲೀಟ್ ಮಾಡಿದ್ದೀನಿ ಕಣೋ, ಅಂಗಡಿಗೆ ಒಯ್ದು ಫಾರ್ಮ್ಯಾಟ್ ಕೂಡ ಮಾಡಿಸಿದ್ದೀನಿ" ಅಂದರು.

ಅಂಗಡಿಯವರು ಮಾಡಿದ್ದು ಕ್ವಿಕ್ ಫಾರ್ಮ್ಯಾಟ್. ನನಗೆ ಅನುಮಾನ ಬಂತು. ಡಿಸ್ಕನ್ನು ನನ್ನ ಲಿನಕ್ಸ್ ಯಂತ್ರಕ್ಕೆ ಜೋಡಿಸಿ ಫೋಟೋರೆಕ್ ಓಡಿಸಿದೆ. ಅದು ಕ್ರಿಸ್ಟೋಫ್ ಗ್ರೆನಿಯೆ ಅನ್ನುವವರು ಬರೆದ ಉಚಿತ ಪ್ರೋಗ್ರಾಂ, ಅಳಿಸಿದ ಫೈಲುಗಳನ್ನು ಹುಡುಕಿ ತೆಗೆಯುತ್ತದೆ. ಅರ್ಧ ಗಂಟೆಯಲ್ಲೇ ಆಧಾರ್ ಕಾರ್ಡಿನ ಸ್ಕ್ಯಾನ್‌ಗಳು, ಪಾನ್ ಕಾರ್ಡ್‌ಗಳು, ಫಾರಂ 16, ಬ್ಯಾಂಕ್ ಸ್ಟೇಟ್‌ಮೆಂಟ್‌ಗಳು ಸಾಲುಸಾಲಾಗಿ ಬಂದವು. ಚಿಕ್ಕಪ್ಪನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಅವರು ಮಾತೇ ಆಡಲಿಲ್ಲ. ಆಮೇಲೆ, "ಅವರೆಲ್ಲ ನನ್ನನ್ನ ನಂಬಿ ಕೊಟ್ಟಿದ್ದು ಕಣೋ, ಒಂದೂ ಹೊರಗೆ ಹೋಗಬಾರದು" ಅಂದರು. ಆ ಮಾತಿಗಾಗಿ ಎರಡು ವಾರ ಈ ವಿಷಯದ ಹಿಂದೆ ಬಿದ್ದೆ. ಆಗ ಬಳಸಿದ್ದು ಎರಡು ಸಾಧನ. ಒಂದು ಶ್ರೆಡ್, ಅಂದರೆ ಹಳೇ ಮಾಹಿತಿಯ ಮೇಲೆ ಬೇರೇನೋ ಬರೆದು ಅಳಿಸುವ ಲಿನಕ್ಸ್ ಕಮ್ಯಾಂಡ್. ಇನ್ನೊಂದು ಸಿ ಭಾಷೆಯಲ್ಲಿ ನಾನೇ ಬರೆದ ಪ್ರೋಗ್ರಾಂ. ಎರಡೂ ಹೇಗಿವೆ ಅಂತ ಹೇಳುತ್ತೇನೆ.

ಡಿಲೀಟ್ ಮಾಡಿದ ಮೇಲೂ ಅದೆಲ್ಲ ಹೇಗೆ ಉಳಿಯುತ್ತೆ ಅಂತ ಕೇಳುವವರಿಗೆ ಒಂದು ಮಾತು. ಪಹಣಿಯಿಂದ ಹೆಸರು ತೆಗೆದರೆ ಹೊಲದಲ್ಲಿರುವ ಬೆಳೆ ಮಾಯ ಆಗುತ್ತಾ? ಆಗಲ್ಲ ಅಲ್ವಾ. ಇಲ್ಲೂ ಹಾಗೇ. ಡಿಲೀಟ್ ಆಗಲಿ ಕ್ವಿಕ್ ಫಾರ್ಮ್ಯಾಟ್ ಆಗಲಿ, ಯಾವ ಜಾಗ ಯಾವ ಫೈಲಿನದು ಅನ್ನುವ ದಾಖಲೆಯನ್ನಷ್ಟೇ ತೆಗೆಯುತ್ತದೆ. ಆ ಜಾಗದ ಮೇಲೆ ಬೇರೆ ಏನಾದರೂ ಬರೆಯುವವರೆಗೆ ಹಳೆಯದು ಅಲ್ಲೇ ಇರುತ್ತದೆ. ಇದು ಹೊಸ ಸಂಗತಿಯೇನಲ್ಲ. ಎಂಐಟಿಯಲ್ಲಿದ್ದ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್ 158 ಸೆಕೆಂಡ್ ಹ್ಯಾಂಡ್ ಡಿಸ್ಕ್‌ಗಳನ್ನು ಕೊಂಡು ನೋಡಿ 2003ರಲ್ಲಿ ಬರೆದಿದ್ದರು. ಅದರಲ್ಲಿ ಕೆಲಸ ಮಾಡುತ್ತಿದ್ದದ್ದು 129. ಸರಿಯಾಗಿ ಅಳಿಸಿ ಮಾರಿದ್ದು ಬರೀ 12.

ಈಗ ಶ್ರೆಡ್ ವಿಷಯ. ಇದಕ್ಕೆ ದುಡ್ಡು ಕೊಡಬೇಕಿಲ್ಲ, ಡೌನ್‌ಲೋಡ್ ಕೂಡ ಬೇಕಿಲ್ಲ. ಗ್ನೂ ಕೋರ್‌ಯುಟಿಲ್ಸ್ ಅನ್ನುವ ಮೂಲ ಕಮ್ಯಾಂಡ್‌ಗಳ ಕಟ್ಟಿನ ಜೊತೆ ಬರುವುದರಿಂದ ನಾವು ಬಳಸುವ ಉಬುಂಟು, ಡೆಬಿಯನ್, ಫೆಡೋರಾಗಳಲ್ಲಿ ಮೊದಲೇ ಇರುತ್ತದೆ. ಬರೆದವರು ಕಾಲಿನ್ ಪ್ಲಂಬ್. ಇದರ ಸೋರ್ಸ್ ಕೋಡ್ ಸಾವಿರಕ್ಕೂ ಹೆಚ್ಚು ಸಾಲಿನದು, ಯಾಕೆ ಹೀಗೆ ಮಾಡಿದೆ ಅಂತ ಉದ್ದಕ್ಕೂ ಟಿಪ್ಪಣಿ ಬರೆದಿದ್ದಾರೆ. ಸಿ ಕಲಿಯುವವರು ಒಂದು ಭಾನುವಾರ ಕೂತು ಓದಿ, ನಿಜವಾಗಲೂ ಖುಷಿಯಾಗುತ್ತದೆ.

ಬಳಸುವುದು ಸುಲಭ. ಮೊದಲು ಎಲ್‌ಎಸ್‌ಬಿಎಲ್‌ಕೆ ಅನ್ನುವ ಕಮ್ಯಾಂಡ್ ಹೊಡೆದು ಯಾವ ಡಿಸ್ಕ್ ಯಾವ ಹೆಸರಲ್ಲಿ ಕೂತಿದೆ ಅಂತ ನೋಡಿಕೊಳ್ಳಬೇಕು. ನನ್ನದರಲ್ಲಿ ಚಿಕ್ಕಪ್ಪನ ಡಿಸ್ಕ್ ಎಸ್‌ಡಿಬಿ ಆಗಿತ್ತು. ಇಲ್ಲಿ ಎಚ್ಚರ ಬೇಕು, ಯಾಕಂದ್ರೆ ಶ್ರೆಡ್ "ಖಚಿತನಾ?" ಅಂತ ಒಂದು ಸಲವೂ ಕೇಳಲ್ಲ. ಎಸ್‌ಡಿಬಿ ಬದಲು ಎಸ್‌ಡಿಎ ಅಂತ ಹೊಡೆದರೆ ನಿಮ್ಮದೇ ಡಿಸ್ಕ್ ಹೋಯಿತು. ನಾನು ಡಿಸ್ಕಿನ ಗಾತ್ರ, ಸೀರಿಯಲ್ ನಂಬರ್ ಎರಡನ್ನೂ ಕಾಗದದ ಮೇಲೆ ಬರೆದುಕೊಂಡು, ತಾಳೆ ನೋಡಿ, ಆಮೇಲೆ ಎಂಟರ್ ಒತ್ತಿದೆ. ಇಷ್ಟು ದೊಡ್ಡ ಕೆಲಸಕ್ಕೆ ಒಂದು ಪ್ರಶ್ನೆ ಕೇಳಿದ್ದರೆ ಏನೂ ನಷ್ಟ ಇರಲಿಲ್ಲ. ಇದು ನನ್ನ ಮೊದಲ ದೂರು.

ಏನೂ ಹೇಳದಿದ್ದರೆ ಶ್ರೆಡ್ ಇಡೀ ಡಿಸ್ಕಿನ ಮೇಲೆ ಮೂರು ಸಲ ಯಾದೃಚ್ಛಿಕ, ಅಂದರೆ ಯಾವ ಕ್ರಮವೂ ಇಲ್ಲದ, ಬೈಟುಗಳನ್ನು ಬರೆಯುತ್ತದೆ. ಹಿಂದೆ ಇದು 25 ಸಲ ಇತ್ತು. ಈ ಲೆಕ್ಕ ಎಲ್ಲಿಂದ ಬಂತು ಅಂದರೆ 1996ರಲ್ಲಿ ಪೀಟರ್ ಗುಟ್‌ಮನ್ ಅನ್ನುವ ಕಂಪ್ಯೂಟರ್ ಭದ್ರತೆಯ ಸಂಶೋಧಕರು ಒಂದು ಪ್ರಬಂಧ ಬರೆದರು, ಅದರಲ್ಲಿ 35 ಸಲ ಬೇರೆ ಬೇರೆ ಮಾದರಿಯಲ್ಲಿ ಬರೆಯುವ ಪಟ್ಟಿ ಇತ್ತು, ಆವತ್ತಿನಿಂದ ಜನ ಆ 35ನ್ನೇ ಹಿಡಿದುಕೊಂಡರು. ಆದರೆ ಆ ಮಾದರಿಗಳು ಬೇರೆ ಬೇರೆ ಕಾಲದ, ಬೇರೆ ಬೇರೆ ರೀತಿಯ ಡಿಸ್ಕ್‌ಗಳಿಗೆ ಅಂತ ಸೇರಿಸಿದ್ದವು. ಒಂದೇ ಡಿಸ್ಕಿಗೆ 35ನ್ನೂ ಮಾಡುವುದರಲ್ಲಿ ಅರ್ಥವಿಲ್ಲ ಅಂತ ಗುಟ್‌ಮನ್ ಅವರೇ ಆಮೇಲೆ ಬರೆದರು. ಅಮೆರಿಕದ ಮಾನದಂಡಗಳ ಸಂಸ್ಥೆ ನಿಸ್ಟ್ 2014ರಲ್ಲಿ ಹೊರತಂದ 800-88 ಮಾರ್ಗಸೂಚಿ ಕೂಡ, ಈಗಿನ ತಿರುಗುವ ಡಿಸ್ಕ್‌ಗೆ ಸಾಮಾನ್ಯವಾಗಿ ಸೊನ್ನೆಯಿಂದ ಒಂದು ಸಲ ಬರೆದರೆ ಸಾಕು ಅನ್ನುತ್ತದೆ. ಅದಕ್ಕೆ ನಾನು ಯಾದೃಚ್ಛಿಕ ಸುತ್ತು ಬೇಡ, ಸೊನ್ನೆ ಒಂದೇ ಸುತ್ತು ಸಾಕು ಅಂತ ಹೇಳಿ ಓಡಿಸಿದೆ: ಶ್ರೆಡ್ -ವಿ -ಎನ್ 0 -ಜೆಡ್, ಕೊನೆಗೆ ಡಿಸ್ಕಿನ ಹೆಸರು.

ಮದರ್‌ಬೋರ್ಡಿನ ಸಾಟಾ ಕೇಬಲ್‌ಗೇ ನೇರವಾಗಿ ಜೋಡಿಸಿದ್ದರಿಂದ ಸುಮಾರು ಒಂದೂವರೆ ಗಂಟೆಯಲ್ಲಿ ಮುಗಿಯಿತು. ಮೊದಲು ಜೋರಾಗಿ ಹೋಗುತ್ತದೆ, ಕೊನೆಕೊನೆಗೆ ನಿಧಾನ ಆಗುತ್ತದೆ. ಗಾಬರಿ ಬೇಡ. ತಟ್ಟೆಯ ಹೊರಗಿನ ಸುತ್ತು ದೊಡ್ಡದು, ಒಳಗಿನದು ಚಿಕ್ಕದು, ಅಷ್ಟೇ. ಹಳೇ ಯುಎಸ್‌ಬಿ 2 ಡಬ್ಬಿಯಲ್ಲಿ ಹಾಕಿದ್ದರೆ ಇದೇ ಕೆಲಸಕ್ಕೆ ನಾಲ್ಕು ಗಂಟೆ ಬೇಕಾಗುತ್ತಿತ್ತು.

ಎರಡನೇ ದೂರು: ಬರೆದ ಮೇಲೆ ಶ್ರೆಡ್ ಓದಿ ನೋಡಲ್ಲ. ಅದನ್ನು ನಾವೇ ಮಾಡಬೇಕು. ಸೊನ್ನೆ ಬರೆದಿದ್ದರೆ ಸುಲಭ. ಸಿಎಂಪಿ ಕಮ್ಯಾಂಡಿಗೆ ಡಿಸ್ಕಿನ ಹೆಸರು ಮತ್ತು ಡೆವ್ ಜೀರೋ (ಓದಿದಷ್ಟೂ ಸೊನ್ನೆ ಕೊಡುವ ಲಿನಕ್ಸಿನ ವಿಶೇಷ ಫೈಲ್) ಎರಡನ್ನೂ ಕೊಟ್ಟರೆ ಬೈಟ್ ಬೈಟ್ ಹೋಲಿಸುತ್ತದೆ. ಡಿಸ್ಕ್ ಮುಗಿಯಿತು ಅಂತ ಹೇಳಿದರೆ ಎಲ್ಲಾ ಸೊನ್ನೆ. ವ್ಯತ್ಯಾಸ ಇದೆ ಅಂದರೆ ಎಲ್ಲೋ ಏನೋ ಉಳಿದಿದೆ. ಇದಕ್ಕೆ ಇನ್ನೊಂದು ಒಂದೂವರೆ ಗಂಟೆ. ದಯವಿಟ್ಟು ಈ ಹೆಜ್ಜೆ ಬಿಡಬೇಡಿ. ಹಾಗೇ ಡಿಸ್ಕಿನ ಆರೋಗ್ಯ ತೋರಿಸುವ ಸ್ಮಾರ್ಟ್‌ಸಿಟಿಎಲ್ ಕಮ್ಯಾಂಡ್ ಹಾಕಿ ಕೆಟ್ಟ ಸೆಕ್ಟರ್‌ಗಳ (ಡಿಸ್ಕಿನ ಪುಟ್ಟ ಪುಟ್ಟ ಭಾಗಗಳ) ಲೆಕ್ಕ ನೋಡಿ. ಡಿಸ್ಕ್ ತಾನೇ ಬದಿಗಿಟ್ಟ ಸೆಕ್ಟರ್‌ಗಳಿಗೆ ಶ್ರೆಡ್ ಕೈ ಹೋಗಲ್ಲ. ಚಿಕ್ಕಪ್ಪನ ಡಿಸ್ಕಿನಲ್ಲಿ ಆ ಲೆಕ್ಕ ಸೊನ್ನೆ ಇತ್ತು. ಇಲ್ಲದಿದ್ದರೆ ಮಾರುತ್ತಿರಲಿಲ್ಲ, ಡ್ರಿಲ್ ಹಾಕಿಸುತ್ತಿದ್ದೆ.

ಇಲ್ಲಿಗೆ ಕೆಲಸ ಮುಗಿಯಿತು ಅಂದುಕೊಂಡೆ. ಆ ರಾತ್ರಿ ಮಲಗಿದಾಗ ನೆನಪಾಯಿತು. ಎರಡು ವರ್ಷದ ಹಿಂದೆ ಅದೇ ಆಫೀಸಿನ ಇನ್ನೊಂದು ಕಂಪ್ಯೂಟರನ್ನು ಅಲ್ಲಿ ಟೈಪಿಂಗ್ ಮಾಡುತ್ತಿದ್ದವರ ಮಗಳಿಗೆ ಓದಲಿಕ್ಕೆ ಕೊಟ್ಟಿದ್ದೆವು. ವಿಂಡೋಸ್ ತೆಗೆದು ಉಬುಂಟು ಹಾಕಿಕೊಟ್ಟಿದ್ದು ನಾನೇ. ಹೊಸ ಸಿಸ್ಟಮ್ ಹಾಕಿದರೆ ಹಳೆಯದು ಹೋಗಲ್ಲ, ಹೊಸ ಫೈಲುಗಳು ಕೂತ ಜಾಗ ಮಾತ್ರ ಬದಲಾಗುತ್ತದೆ. 320 ಜಿಬಿ ಡಿಸ್ಕಿನಲ್ಲಿ ಆ ಹುಡುಗಿ ಬಳಸಿದ್ದು 40 ಜಿಬಿ ಕೂಡ ಇಲ್ಲ. ಉಳಿದ ಜಾಗದಲ್ಲಿ ಊರಿನ ಅರ್ಧ ಜನರ ಲೆಕ್ಕಪತ್ರ ಹಾಗೇ ಬಿದ್ದಿರಬಹುದು.

ಪೂರ್ತಿ ಅಳಿಸೋಣ ಅಂದರೆ ಅವಳ ನೋಟ್ಸು, ಪ್ರಾಜೆಕ್ಟು ಎಲ್ಲಾ ಅದರಲ್ಲೇ ಇದೆ. ಖಾಲಿ ಜಾಗವನ್ನು ಮಾತ್ರ ಅಳಿಸಬೇಕು. ಶ್ರೆಡ್ ಇದನ್ನು ಮಾಡಲ್ಲ. ಅದಕ್ಕೆ ಒಂದು ಫೈಲ್ ಕೊಡಿ ಅಥವಾ ಒಂದು ಡಿಸ್ಕ್ ಕೊಡಿ, ಅಷ್ಟೇ ಗೊತ್ತು. ವಿಂಡೋಸ್ ಆಗಿದ್ದರೆ ಸೈಫರ್ ಅನ್ನುವ ಕಮ್ಯಾಂಡ್ ಅದರಲ್ಲೇ ಇದೆ, ಡಬ್ಲ್ಯೂ ಆಯ್ಕೆ ಕೊಟ್ಟರೆ ಖಾಲಿ ಜಾಗದಲ್ಲಿ ಮೂರು ಸುತ್ತು ಬರೆಯುತ್ತದೆ. ಇದು ಉಬುಂಟು. ಹಾಗಾಗಿ ಸಿ ಪ್ರೋಗ್ರಾಂ ಬರೆಯಲು ಕೂತೆ.

ಮೊದಲು ಅಭ್ಯಾಸಕ್ಕೆ ಒಂದೇ ಫೈಲನ್ನು ಮೇಲಿಂದ ಬರೆದು ಅಳಿಸುವ ಪುಟ್ಟ ಪ್ರೋಗ್ರಾಂ ಬರೆದೆ. ಇಪ್ಪತ್ತು ಸಾಲು. ಸೊನ್ನೆ ಮಾಡಿದ್ದ ಡಿಸ್ಕಿನಲ್ಲೇ ಒಂದು ಫೋಟೋ ಇಟ್ಟು, ಪ್ರೋಗ್ರಾಂ ಓಡಿಸಿ, ಫೋಟೋರೆಕ್ ಹಾಕಿದೆ. ಫೋಟೋ ಹಾಗೇ ಬಂತು! ತಪ್ಪು ಒಂದೇ ಅಕ್ಷರದಲ್ಲಿತ್ತು. ಫೈಲ್ ತೆರೆಯುವ ಎಫ್‌ಓಪನ್ ಫಂಕ್ಷನ್ನಿಗೆ 'ಡಬ್ಲ್ಯೂಬಿ' ಅಂತ ಕೊಟ್ಟಿದ್ದೆ. ಹಾಗೆ ತೆರೆದ ಕ್ಷಣವೇ ಫೈಲಿನ ಉದ್ದ ಸೊನ್ನೆ ಆಗುತ್ತದೆ, ಅದು ಕೂತಿದ್ದ ಡಿಸ್ಕಿನ ಹಳೇ ಬ್ಲಾಕ್‌ಗಳು ಕೈಬಿಟ್ಟು ಹೋಗುತ್ತವೆ, ಆಮೇಲೆ ನಾವು ಬರೆಯುವ ಸೊನ್ನೆಗಳು ಬೇರೆ ಯಾವುದೋ ಜಾಗದಲ್ಲಿ ಹೋಗಿ ಕೂರುತ್ತವೆ. 'ಆರ್ ಪ್ಲಸ್ ಬಿ' ಅಂತ ತೆರೆದರೆ ಇದ್ದ ಜಾಗದ ಮೇಲೇ ಬರೆಯುತ್ತದೆ. ಈ ತಪ್ಪಿರುವ ಪ್ರೋಗ್ರಾಂ ಒಂದೂ ದೋಷ ತೋರಿಸದೆ "ಆಯಿತು" ಅಂತ ಹೇಳಿ ಮುಗಿಯುತ್ತದೆ, ನೋಡಿ. ಪರೀಕ್ಷೆ ಮಾಡದೆ ಇದ್ದಿದ್ದರೆ ನಾನೂ ನಂಬಿಬಿಡುತ್ತಿದ್ದೆ.

ಎರಡನೆಯದು ಎಫ್‌ಸಿಂಕ್. ನಾವು ಬರೆದ ತಕ್ಷಣ ಅದು ಡಿಸ್ಕಿಗೆ ಹೋಗಲ್ಲ. ಮೊದಲು ಸಿ ಲೈಬ್ರರಿಯ ಬಫರಿನಲ್ಲಿ (ತಾತ್ಕಾಲಿಕ ಜಾಗದಲ್ಲಿ), ಆಮೇಲೆ ಕರ್ನಲ್ಲಿನ, ಅಂದರೆ ಲಿನಕ್ಸಿನ ತಿರುಳಿನ, ಮೆಮೊರಿಯಲ್ಲಿ ಕಾಯುತ್ತದೆ. ಎಫ್‌ಫ್ಲಶ್ ಮಾಡಿದರೆ ಮೊದಲ ಬಾಗಿಲು ದಾಟಿತು, ಎರಡನೆಯದನ್ನು ದಾಟಿಸಲು ಎಫ್‌ಸಿಂಕ್ ಬೇಕು. ಚಿಕ್ಕ ಫೈಲಿನ ಮೇಲೆ ಎಫ್‌ಸಿಂಕ್ ಇಲ್ಲದೆ ಮೂರು ಸುತ್ತು ಬರೆದರೆ ಮೂರೂ ಮೆಮೊರಿಯಲ್ಲೇ ನಡೆದು, ಡಿಸ್ಕಿಗೆ ಕೊನೆಯ ಸುತ್ತು ಮಾತ್ರ ತಲುಪಬಹುದು. ಬರೆದ ಕೂಡಲೇ ಫೈಲನ್ನು ಅಳಿಸಿಬಿಟ್ಟರೆ ಅದೂ ತಲುಪದೇ ಇರಬಹುದು. ಶ್ರೆಡ್ ಪ್ರತಿ ಸುತ್ತು ಆದಮೇಲೆ ಇದನ್ನು ಮಾಡುತ್ತದೆ. ಅದರ ಬೆಲೆ ಏನು ಅಂತ ನಾನೇ ಬರೆದಾಗ ಗೊತ್ತಾಯಿತು.

ಖಾಲಿ ಜಾಗ ತುಂಬಿಸುವ ಪ್ರೋಗ್ರಾಂ ಇದಕ್ಕಿಂತ ಸರಳ. ಒಂದು ಹೊಸ ಫೈಲ್ ತೆರೆಯಬೇಕು, 1 ಎಂಬಿ ಬಫರಿನಲ್ಲಿ ಸೊನ್ನೆ ತುಂಬಿ ರೈಟ್ ಅನ್ನುವ ಫಂಕ್ಷನ್ನಿನಿಂದ ಬರೆಯುತ್ತಾ ಹೋಗಬೇಕು, ಡಿಸ್ಕ್ ತುಂಬಿತು ಅಂತ ಎರರ್ ಬರುವವರೆಗೆ. ಆಮೇಲೆ ಎಫ್‌ಸಿಂಕ್, ಆಮೇಲೆ ಫೈಲ್ ಅಳಿಸುವುದು. ಒಂದೊಂದೇ ಬೈಟ್ ರೈಟ್ ಮಾಡಬೇಡಿ, ದಿನಗಟ್ಟಲೆ ಮುಗಿಯಲ್ಲ. ಕೊನೆಯಲ್ಲಿ ರೈಟ್ ಕೇಳಿದ್ದಕ್ಕಿಂತ ಕಡಿಮೆ ಬರೆದು ವಾಪಸ್ ಬರುತ್ತದೆ. ಅದನ್ನು ಎರರ್ ಅಂದುಕೊಂಡು ನಿಲ್ಲಿಸಬಾರದು, ಮತ್ತೆ ಕರೆಯಬೇಕು. ಮೈನಸ್ ಒಂದು ಬಂದು, ಎರರ್ ಸಂಖ್ಯೆ ಇಡುವ ಎರ್‌ನೋದಲ್ಲಿ ಎನೋಸ್‌ಪಿಸಿ (ಜಾಗವಿಲ್ಲ) ಇದ್ದರೆ ಆಗ ಮಾತ್ರ ನಿಜವಾಗಿ ತುಂಬಿದೆ ಅಂತ ಅರ್ಥ. ಫೈಲ್ ಸಿಸ್ಟಮ್ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಬಿಟಿಆರ್‌ಎಫ್‌ಎಸ್ ಆಗಿದ್ದು ಕಂಪ್ರೆಷನ್ ಹಾಕಿದ್ದರೆ ಸೊನ್ನೆ ಬೇಡ. ಅಷ್ಟೂ ಸೊನ್ನೆ ಒತ್ತಿ ಚಿಟಿಕೆಯಷ್ಟಾಗುತ್ತದೆ. ಅಲ್ಲಿ ಯಾದೃಚ್ಛಿಕ ಬೈಟುಗಳೇ ಬೇಕು.

ಇನ್ನೊಂದು ಸಂಗತಿ ನನಗೂ ಮೊದಲು ಹೊಳೆದಿರಲಿಲ್ಲ. ಉಬುಂಟುವಿನಲ್ಲಿ ಸಾಮಾನ್ಯವಾಗಿರುವ ಇಎಕ್ಸ್‌ಟಿ4 ಫೈಲ್ ಸಿಸ್ಟಮ್ ಡಿಸ್ಕಿನ ನೂರಕ್ಕೆ 5 ಭಾಗವನ್ನು ಸಾಮಾನ್ಯವಾಗಿ ರೂಟ್ ಬಳಕೆದಾರನಿಗೆ, ಅಂದರೆ ಎಲ್ಲಾ ಅಧಿಕಾರ ಇರುವ ಖಾತೆಗೆ, ಅಂತ ಕಾದಿರಿಸುತ್ತದೆ. 320 ಜಿಬಿಯಲ್ಲಿ ಅದು 16 ಜಿಬಿ. ಸುಮ್ನೆ ನಿಮ್ಮ ಹೆಸರಲ್ಲಿ ಪ್ರೋಗ್ರಾಂ ಓಡಿಸಿದರೆ ಆ 16 ಜಿಬಿಯ ಹಳೇ ಮಾಹಿತಿ ಹಾಗೇ ಉಳಿಯುತ್ತದೆ. ಸುಡೋ ಹಾಕಿ, ಅಂದರೆ ರೂಟ್ ಹೆಸರಲ್ಲಿ, ಓಡಿಸಬೇಕು. ಓಡುತ್ತಿರುವ ಸಿಸ್ಟಮ್ಮಿನಲ್ಲಿ ಹೀಗೆ ಕೊನೆಯ ಬೈಟ್‌ವರೆಗೆ ತುಂಬಿಸಿದರೆ ಬೇರೆ ಪ್ರೋಗ್ರಾಂಗಳಿಗೆ ಬರೆಯಲು ಜಾಗವಿಲ್ಲದೆ ತೊಂದರೆ ಆಗುತ್ತದೆ. ಅದಕ್ಕೆ ನಾನು ಪೆನ್‌ಡ್ರೈವಿನಿಂದ ಲೈವ್ ಉಬುಂಟು ಬೂಟ್ ಮಾಡಿ, ಅವಳ ಡಿಸ್ಕನ್ನು ಮೌಂಟ್ ಮಾಡಿ, ಅಲ್ಲಿಂದ ಓಡಿಸಿದೆ. ಅವಳ ಫೈಲುಗಳ ಬ್ಯಾಕಪ್ಪನ್ನು ಮೊದಲೇ ತೆಗೆದಿಟ್ಟಿದ್ದೆ.

ಮುಗಿದ ಮೇಲೆ ಫೋಟೋರೆಕ್ಕನ್ನು ರಾತ್ರಿಯೆಲ್ಲ ಓಡಿಸಿದೆ. ಬಂದಿದ್ದೆಲ್ಲ ಅವಳ ಫೈಲು ಮತ್ತು ಉಬುಂಟುವಿನ ಚಿತ್ರಗಳು. ಒಂದು ಫಾರಂ 16 ಕೂಡ ಇಲ್ಲ. ನನಗೆ ಆದ ನೆಮ್ಮದಿ ಅಷ್ಟಿಷ್ಟಲ್ಲ.

ಹಾಗಾದರೆ ಯಾವುದು ಬಳಸಬೇಕು? ಡಿಸ್ಕ್ ಪೂರ್ತಿ ಅಳಿಸಬಹುದಾದರೆ ಶ್ರೆಡ್ಡೇ ಸರಿ, ಕಣ್ಣು ಮುಚ್ಚಿ ಹೇಳುತ್ತೇನೆ. ಇಷ್ಟು ವರ್ಷ ಇಷ್ಟು ಜನ ಬಳಸಿ, ತಿದ್ದಿ, ಗಟ್ಟಿಯಾದ ಪ್ರೋಗ್ರಾಂ. ಒಂದು ಫೈಲಿಗೆ -ಯು ಆಯ್ಕೆ ಕೊಟ್ಟರೆ ಫೈಲಿನ ಹೆಸರನ್ನೂ ಸೊನ್ನೆಗಳಾಗಿ ಬದಲಿಸಿ, ಒಂದೊಂದೇ ಅಕ್ಷರ ಕಮ್ಮಿ ಮಾಡುತ್ತಾ ಹೋಗಿ, ಕೊನೆಗೆ ಅಳಿಸುತ್ತದೆ. ಈ ಸೂಕ್ಷ್ಮ ನನ್ನ ಪ್ರೋಗ್ರಾಂನಲ್ಲಿ ಇಲ್ಲ. ಆದರೆ ಖಾಲಿ ಜಾಗಕ್ಕೆ, ಮತ್ತು ಒಳಗೆ ಏನು ನಡೆಯುತ್ತೆ ಅಂತ ತಿಳಿಯೋದಕ್ಕೆ, ಸಿ ಬಲ್ಲವರು ಒಂದು ಸಂಜೆ ಕೊಡಿ. ನನ್ನದು ಎರರ್ ನೋಡಿಕೊಳ್ಳುವ ಸಾಲು ಸೇರಿಸಿ ಅರವತ್ತು ದಾಟಲಿಲ್ಲ.

ತಿರುಗುವ ತಟ್ಟೆಯ ಬದಲು ಫ್ಲ್ಯಾಶ್ ಚಿಪ್ಪುಗಳಿರುವ ಎಸ್‌ಎಸ್‌ಡಿ ಇದ್ದವರು ಮಾತ್ರ ಇದೆರಡನ್ನೂ ನಂಬಬೇಡಿ. ಅದರಲ್ಲಿ ಒಂದೇ ಜಾಗದ ಮೇಲೆ ಮತ್ತೆ ಬರೆದಿದ್ದೇವೆ ಅಂತ ನಮಗೆ ಅನಿಸುತ್ತದೆ, ಒಳಗಿನ ಕಂಟ್ರೋಲರ್ ಅದನ್ನು ಬೇರೆ ಜಾಗಕ್ಕೆ ಬರೆದಿರುತ್ತದೆ, ಚಿಪ್ಪುಗಳು ಸಮನಾಗಿ ಸವೆಯಲಿ ಅಂತ. ಒಂದೊಂದೇ ಫೈಲನ್ನು ಅಳಿಸುವ ಸಾಫ್ಟ್‌ವೇರ್ ವಿಧಾನ ಒಂದೂ ಎಸ್‌ಎಸ್‌ಡಿಯಲ್ಲಿ ಸರಿಯಾಗಿ ಕೆಲಸ ಮಾಡಲಿಲ್ಲ ಅಂತ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋದವರು 2011ರಲ್ಲೇ ಪರೀಕ್ಷಿಸಿ ತೋರಿಸಿದ್ದಾರೆ. ಸಾಟಾ ಎಸ್‌ಎಸ್‌ಡಿಗೆ ಎಚ್‌ಡಿಪಾರ್ಮ್ ಕಮ್ಯಾಂಡ್ ಮೂಲಕ ಸೆಕ್ಯೂರ್ ಇರೇಸ್ (ಡ್ರೈವ್ ತನ್ನನ್ನು ತಾನೇ ಅಳಿಸಿಕೊಳ್ಳುವುದು), ಎನ್‌ವಿಎಂಇ ಅನ್ನುವ ಇನ್ನೊಂದು ಬಗೆಯ ಎಸ್‌ಎಸ್‌ಡಿಗೆ ಅದರದೇ ಫಾರ್ಮ್ಯಾಟ್ ಕಮ್ಯಾಂಡ್ ಇದೆ. ಇನ್ನೂ ಒಳ್ಳೆಯದು ಅಂದರೆ ಹೊಸದಾಗಿ ಕೊಂಡ ದಿನವೇ ಲಕ್ಸ್ (ಲಿನಕ್ಸಿನದು) ಅಥವಾ ಬಿಟ್‌ಲಾಕರ್ (ವಿಂಡೋಸಿನದು) ಹಾಕಿ ಇಡೀ ಡಿಸ್ಕನ್ನು ಗೂಢಲಿಪಿಯಲ್ಲಿ ಇಡುವುದು.

500 ಜಿಬಿ ಡಿಸ್ಕ್ ಇದ್ದ ಕಂಪ್ಯೂಟರ್ ಹೋದ ತಿಂಗಳು ಮಾರಾಟ ಆಯಿತು. ಮೊನ್ನೆ ಊರಿಗೆ ಹೋದಾಗ ಚಿಕ್ಕಪ್ಪ ಬೀರುವಿನಿಂದ ಒಂದು ಬಿಸ್ಕೆಟ್ ಡಬ್ಬಿ ತಂದು ಮುಂದೆ ಇಟ್ಟರು. ಅದರ ತುಂಬ ಹಳೇ ಪೆನ್‌ಡ್ರೈವ್‌ಗಳು. "ಇದಕ್ಕೂ ನಿನ್ನ ಪ್ರೋಗ್ರಾಂ ಆಗುತ್ತೇನೋ?" ಅಂತ ಕೇಳಿದರು. ಪೆನ್‌ಡ್ರೈವ್ ಒಳಗೂ ಇರುವುದು ಫ್ಲ್ಯಾಶ್ ಚಿಪ್ಪೇ, ಸೆಕ್ಯೂರ್ ಇರೇಸ್ ಕೂಡ ಇರಲ್ಲ. "ಆಗಲ್ಲ ಚಿಕ್ಕಪ್ಪ, ಸುತ್ತಿಗೆ ಕೊಡಿ" ಅಂದೆ. ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಇಟ್ಟು, ಕರಿ ಚಿಪ್ಪು ಪುಡಿಯಾಗುವವರೆಗೆ ಒಂದೊಂದನ್ನೇ ಒಡೆದೆವು.