ಅಕ್ಕ, ತಮ್ಮ ಕೂಡಿ ಆಡಲು: ಹಾವು ಏಣಿಯೋ, ಅಳಗುಳಿಮನೆಯೋ, ಚೌಕಾಬಾರವೋ?

5 ವರ್ಷದ ತಮ್ಮನೂ 11 ವರ್ಷದ ಅಕ್ಕನೂ ಒಟ್ಟಿಗೆ ಕುಳಿತು ಆಡಬಹುದಾದ ಆಟ ಯಾವುದೆಂದು ಕೇಳಿದ್ದೀರಿ. ಮೊದಲು ನೋಡಬೇಕಾದದ್ದು ಆಟದಲ್ಲಿ ಅದೃಷ್ಟಕ್ಕೂ ಬುದ್ಧಿಗೂ ಇರುವ ಪಾಲು. ಹಾವು ಏಣಿಯಲ್ಲಿ ಎಲ್ಲವನ್ನೂ ದಾಳವೇ ನಿರ್ಧರಿಸುವುದರಿಂದ ಕಿರಿಯನಿಗೂ ಗೆಲುವಿನ ಸಮಾನ ಅವಕಾಶವಿದೆ. ಆದರೆ ಆಯ್ಕೆಗೆ ಎಡೆಯೇ ಇಲ್ಲದ ಆ ಆಟ ಹಿರಿಯಳಿಗೆ ಬೇಗ ಬೇಸರ ತರಿಸುತ್ತದೆ. ಅಳಗುಳಿಮನೆಯಲ್ಲಿ 14 ಗುಳಿಗಳ ಕಾಳುಗಳನ್ನು ಎಣಿಸಿ ಮುಂದಾಲೋಚಿಸುವವರಿಗೇ ಮೇಲುಗೈಯಾದ್ದರಿಂದ ಚಿಕ್ಕವನು ಮತ್ತೆ ಮತ್ತೆ ಸೋತು ಅಳುವ ಸಂಭವವಿದೆ. ಚೌಕಾಬಾರದಲ್ಲಿ ಕವಡೆ ಬೀಳುವುದು ಅದೃಷ್ಟ, ಯಾವ ಕಾಯಿ ನಡೆಸಬೇಕು, ಯಾವುದನ್ನು ಕಡಿಯಬೇಕೆಂಬುದು ಬುದ್ಧಿ. ಅಜ್ಜಿಯೂ ಸೇರಿ 4 ಮಂದಿ ಆಡಬಹುದಾದ್ದರಿಂದ ನಿಮ್ಮಂಥ ಮನೆಗೆ ನಾನು ಇದನ್ನೇ ಮೊದಲು ಹೇಳುತ್ತೇನೆ.

ಖರ್ಚೂ ಇದಕ್ಕೇ ಕಡಿಮೆ: ಸೀಮೆಸುಣ್ಣದಲ್ಲಿ ಬರೆದ 25 ಮನೆಗಳು, 4 ಕವಡೆಗಳು, ಒಂದಿಷ್ಟು ಕಾಯಿಗಳು ಸಾಕು. ಹಾವು ಏಣಿಯ ರಟ್ಟು ಮಡಿಕೆಯಲ್ಲಿ ಹರಿಯುತ್ತದೆ. ಮರದ ಅಳಗುಳಿಮಣೆಗೆ ದುಡ್ಡು ಹೆಚ್ಚಾದರೂ ತಲೆಮಾರುಗಳ ಕಾಲ ಬಾಳುತ್ತದೆ.

ಮನೆಯಲ್ಲಿ 3 ವರ್ಷದೊಳಗಿನ ಮಗುವಿದ್ದರೆ ಕವಡೆ, ಹುಣಸೆ ಬೀಜ ಬಾಯಿಗೆ ಹೋಗುವ ಭಯವಿರುವುದರಿಂದ ದೊಡ್ಡ ದಾಳ, ದೊಡ್ಡ ಕಾಯಿಗಳ ಹಾವು ಏಣಿಯೇ ಕ್ಷೇಮ. ತಮ್ಮ ಲೆಕ್ಕ ಬಲ್ಲವನಾದ ಮೇಲೆ, ಇಬ್ಬರೇ ಆಡುವ ಮಧ್ಯಾಹ್ನಗಳಿಗೆ ಅಳಗುಳಿಮನೆ ಹೆಚ್ಚು ಒಪ್ಪುತ್ತದೆ.